ಬಾದಾಮಿ ಎಲೆಯ ಕೆಂಪು, ಬ್ಯಾಡಗಿಯ ಕೆಂಪು

ಶಿವರಾತ್ರಿಯ ಜಾಗರಣೆ ಮುಗಿದು ಹೋಳಿ ಹುಣ್ಣಿಮೆ ಬರುವುದರೊಳಗಿನ ಈ ಎರಡು ವಾರ ಹಾವೇರಿ ಸೀಮೆಯಲ್ಲಿ ಹಿತ್ತಲಿದ್ದವರು ಊರು ಬಿಟ್ಟು ಹೋಗಬಾರದು. ಬಾದಾಮಿ ಮರ ಎಲೆ ಉದುರಿಸುತ್ತಿದೆ. ಬೇವು ಹಳದಿಗೆ ತಿರುಗಿದೆ. ನುಗ್ಗೆಯ ಹೂವು ಅಂಗಳದ ತುಂಬ. ಊರ ಹೊರಗೆ ಹೊಲದ ಬದುವಿನಲ್ಲಿ ಮುತ್ತಲ ಮರ ಎಲೆಯೆಲ್ಲ ಕಳಚಿ ಬರೀ ಹೂವು ಹೊತ್ತು ನಿಂತಿದೆ. ಅದರ ಫೋಟೋ ಎಲ್ಲರೂ ತೆಗೆಯುತ್ತಾರೆ, ಹಾಗಾಗಿ ಅದನ್ನು ಅವರಿಗೇ ಬಿಡೋಣ. ಈ ವಾರದ ಮಾತು ಮನೆಯ ನೆಲದ ಮೇಲೆ ಬಿದ್ದದ್ದರ ಬಗ್ಗೆ.

ಎಲೆ ಉದುರುವ ಕಾಲವೆಂದರೆ ಅಕ್ಟೋಬರ್ ಎಂಬುದು ಗೋಡೆಯ ಕ್ಯಾಲೆಂಡರಿನ ಕಾಶ್ಮೀರದ ಚಿನಾರ್, ಅಮೆರಿಕದ ಮೇಪಲ್ ನೋಡಿ ನಮ್ಮ ತಲೆಗೆ ಹತ್ತಿದ ಲೆಕ್ಕ. ನಮ್ಮ ಅಕ್ಟೋಬರಿನಲ್ಲಿ ಮರಗಳು ಮಳೆ ಕುಡಿದು ಹಸಿರಾಗಿರುತ್ತವೆ. ಅಲ್ಲಿ ಎಲೆ ಬೀಳಿಸುವುದು ಚಳಿ, ಇಲ್ಲಿ ಬೀಳಿಸುವುದು ಆರುವ ನೆಲ. ಸಂಕ್ರಾಂತಿ ದಾಟಿ ಒಣ ಹವೆ ಬಿದ್ದ ಮೇಲೆ ಮರ ನೀರಿನ ಖರ್ಚಿಗೆ ಕಡಿವಾಣ ಹಾಕುತ್ತದೆ. ಅಲ್ಲಿ ಎಲೆ ಬಿದ್ದ ಮೇಲೆ ತಿಂಗಳುಗಟ್ಟಲೆ ಬರಿಗೊಂಬೆ. ಇಲ್ಲಿ ಬಾದಾಮಿಯ ಹಳೆ ಎಲೆ ನೆಲ ಮುಟ್ಟುವಷ್ಟರಲ್ಲಿ ಅದೇ ಕೊಂಬೆಯ ತುದಿಯಲ್ಲಿ ತಿಳಿಹಸಿರು ಚಿಗುರು ಕಾಣಿಸಿಕೊಂಡಿರುತ್ತದೆ, ಮಳೆ ಇನ್ನೂ ಮೂರು ತಿಂಗಳು ದೂರವಿದ್ದರೂ. ಒಣಗಿದ ಎಲೆಯ ಫೋಟೋದ ಮೇಲೆ ವೈರಾಗ್ಯದ ಸಾಲು ಬರೆದು ಬೆಳಗಾದರೆ ವಾಟ್ಸಾಪಿಗೆ ಕಳಿಸುವ ಮಿತ್ರರು ಒಮ್ಮೆ ಕತ್ತೆತ್ತಿ ಮರದ ಕಡೆ ನೋಡಿದರೆ ಚೆನ್ನಾಗಿತ್ತು.

ಬಾದಾಮಿ ಎಂದೆನಲ್ಲ, ಅದು ಹಬ್ಬದ ಪಾಯಸಕ್ಕೆ ಹಾಕುವ ಬಾದಾಮಿಯಲ್ಲ. ಶಾಲೆಯ ಕಂಪೌಂಡಿನಲ್ಲಿ, ಮನೆಯ ಮುಂದಿನ ನೆರಳಿಗೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ ಕಾಡುಬಾದಾಮಿ. ಬಿದ್ದ ಒಂದು ಎಲೆಯನ್ನು ಕೈಗೆತ್ತಿಕೊಂಡು ನೋಡಿ. ಅಂಗೈಗಿಂತ ದೊಡ್ಡದು, ತುದಿಯತ್ತ ಅಗಲ, ತೊಟ್ಟಿನತ್ತ ಕಿರಿದು. ದೂರದಿಂದ ಕೆಂಪು ಎಂದು ಕಂಡದ್ದು ಹತ್ತಿರದಲ್ಲಿ ನಾಲ್ಕೈದು ಕೆಂಪು: ನಡುನರದ ಒಂದು ಬದಿ ಕಡುಗೆಂಪು, ಇನ್ನೊಂದು ಬದಿ ಇಟ್ಟಂಗಿ ಬಣ್ಣ, ಅಂಚಿನಲ್ಲಿ ಕಂದು, ನರಗಳ ಗುಂಟ ಉಳಿದ ಹಳದಿ, ಹುಳ ಕೊರೆದ ತೂತಿನ ಸುತ್ತ ಕೆಲವೊಮ್ಮೆ ಇನ್ನೂ ಆರದ ಹಸಿರು. ಪತ್ರಹರಿತ್ತು ಕರಗಿದಾಗ ಹೊರಬೀಳುವ ಹಳದಿ ಮೊದಲಿನಿಂದಲೂ ಎಲೆಯೊಳಗೇ ಇದ್ದದ್ದು. ಕೆಂಪಿನ ಆಂಥೋಸಯನಿನ್ ಮಾತ್ರ ಎಲೆ ಹಣ್ಣಾಗುವಾಗ ಹೊಸದಾಗಿ ತಯಾರಾಗುತ್ತದೆ. ಹೋಗುವ ಹೊತ್ತಿಗೆ ಮರ ಇಷ್ಟು ಖರ್ಚು ಏಕೆ ಮಾಡುತ್ತದೆ ಎಂಬುದರ ಬಗ್ಗೆ ಸಸ್ಯವಿಜ್ಞಾನಿಗಳು ಇಂದಿಗೂ ವಾದ ಮಾಡುತ್ತಿದ್ದಾರೆ.

ಈಗ ಫೋನ್ ತೆಗೆದು ಅದರ ಫೋಟೋ ಹೊಡೆಯಿರಿ. ನಾಲ್ಕೈದು ಕೆಂಪೂ ಸೇರಿ ಒಂದೇ ಟೊಮ್ಯಾಟೊ ಸಾಸ್ ಆಗಿರುತ್ತದೆ. ಫೋನಿನದಷ್ಟೇ ತಪ್ಪಲ್ಲ, ದುಬಾರಿ ಕ್ಯಾಮೆರಾಗಳೂ ಇಲ್ಲಿ ಎಡವುತ್ತವೆ. ಸೆನ್ಸರಿನ ಮೇಲಿನ ಕಣಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ನೀಲಿಗೆ, ಉಳಿದ ಕಾಲು ಭಾಗ ಕೆಂಪಿಗೆ. ಕೆಂಪೆಲೆಯ ಬೆಳಕನ್ನು ಹಿಡಿಯುವ ಕೆಲಸ ಹೆಚ್ಚುಕಡಿಮೆ ಆ ಕಾಲು ಭಾಗದ ಹೆಗಲಿಗೇ ಬೀಳುತ್ತದೆ. ಉಳಿದವಕ್ಕೆ ಬೆಳಕು ಸಾಲದ್ದರಿಂದ ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಒಟ್ಟಾರೆ ಮಬ್ಬಿದೆ ಎಂದುಕೊಂಡು ಎಕ್ಸ್‌ಪೋಷರ್ ಏರಿಸುತ್ತದೆ. ಆಗ ಕೆಂಪು ತುಂಬಿ ಹೊರಚೆಲ್ಲುತ್ತದೆ. ಹಾಗೆ ಚೆಲ್ಲಿದ ಜಾಗದಲ್ಲಿ ನರವೂ ಇಲ್ಲ, ನೆರಿಗೆಯೂ ಇಲ್ಲ. ಆಮೇಲೆ ಯಾವ ಆ್ಯಪ್ ತಂದರೂ ಅದು ವಾಪಸು ಬರುವುದಿಲ್ಲ. ಕ್ಯಾಮೆರಾ ಇದ್ದವರು ಮೂರು ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೊಗ್ರಾಂ ಹಾಕಿಕೊಂಡು, ಕೆಂಪಿನ ಗುಡ್ಡ ಬಲಗೋಡೆಗೆ ಒರಗದಂತೆ ಎಕ್ಸ್‌ಪೋಷರ್ ಇಳಿಸಬೇಕು. ಸಾಮಾನ್ಯವಾಗಿ ಒಂದು ಸ್ಟಾಪ್ ಸಾಕು. ಫೋನಿನವರು ಎಲೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಬೇಕು. 'ವಿವಿಡ್' ಎಂದು ಬರೆದಿರುವ ಸೌಲಭ್ಯವನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಕೆಂಪಿನ ಬಗ್ಗೆ ಇನ್ನೂ ಕಲಿಯಬೇಕೆನಿಸಿದರೆ ಹಾವೇರಿಯಿಂದ ಬ್ಯಾಡಗಿ ಎಷ್ಟು ದೂರ? ಹಿತ್ತಲಲ್ಲಿ ಬಾದಾಮಿ ಎಲೆ ಉದುರುವ ತಿಂಗಳುಗಳಲ್ಲೇ ಅಲ್ಲಿನ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬರುತ್ತವೆ. ಸೀನು ತಡೆದುಕೊಳ್ಳಬಲ್ಲವರು ಒಂದು ಬೆಳಗು ಅಲ್ಲಿ ನಿಲ್ಲಬೇಕು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ಅಡುಗೆಮನೆ ದಾಟಿ ಲಿಪ್‌ಸ್ಟಿಕ್‌ವರೆಗೂ ಹೋಗಿದೆ. ಪ್ರಯೋಗಾಲಯದಲ್ಲಿ ಬಣ್ಣವನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ಅಳೆಯುವುದು ಕಣ್ಣು. ಮುಷ್ಟಿ ತುಂಬ ಕಾಯಿ ಎತ್ತಿ ಬೆಳಕಿಗೆ ಹಿಡಿಯುವ ಆ ಖರೀದಿದಾರನಿಗೆ ಇರುವ ಕೆಂಪಿನ ಜ್ಞಾನದಲ್ಲಿ ಅರ್ಧದಷ್ಟು ನಮ್ಮ ಫೋಟೋಗ್ರಾಫರುಗಳಿಗೆ ಇದ್ದಿದ್ದರೆ ಮದುವೆ ಆಲ್ಬಮ್ಮುಗಳು ಇಷ್ಟು ಕೆಂಡವಾಗುತ್ತಿರಲಿಲ್ಲ.

ಮೆಣಸಿನಕಾಯಿಯ ಕೆಂಪೂ ಬಾದಾಮಿ ಎಲೆಯ ಕೆಂಪೂ ಒಂದೇ ಜಾತಿಯವಲ್ಲ. ಮೆಣಸಿನದು ಕ್ಯಾಪ್ಸಾಂಥಿನ್, ಎಣ್ಣೆಯಲ್ಲಿ ಕರಗುವಂಥದ್ದು. ಒಗ್ಗರಣೆಗೆ ಹಾಕಿದ ಕೂಡಲೇ ಎಣ್ಣೆ ಕೆಂಪಾಗುವುದು ಅದಕ್ಕೇ. ಎಲೆಯದು ನೀರಿನಲ್ಲಿ ಕರಗುವ ಬಣ್ಣ. ಒಂದು ಕಿತ್ತಳೆಯತ್ತ ವಾಲುತ್ತದೆ, ಇನ್ನೊಂದು ನೇರಳೆಯತ್ತ. ನನ್ನ ಪರೀಕ್ಷೆ ಇಷ್ಟೇ: ಬಿದ್ದ ಬಾದಾಮಿ ಎಲೆಯ ಪಕ್ಕದಲ್ಲಿ ನೆರಿಗೆಗಟ್ಟಿದ ಒಂದು ಬ್ಯಾಡಗಿ ಮೆಣಸಿನಕಾಯಿ ಇಟ್ಟು ಒಂದು ಫೋಟೋ ತೆಗೆಯಿರಿ. ಎರಡರ ಕೆಂಪೂ ಒಂದೇ ಆಗಿ ಕಂಡರೆ ಎಕ್ಸ್‌ಪೋಷರ್ ಹೆಚ್ಚಾಗಿದೆ ಅಥವಾ ವೈಟ್ ಬ್ಯಾಲೆನ್ಸ್ ಕೆಟ್ಟಿದೆ. ಎರಡೂ ಬೇರೆಯಾಗಿ ಕಂಡ ಮೇಲೆ ಕಾಯಿಯನ್ನು ಅಡುಗೆಮನೆಗೆ ಮರಳಿಸಿ ಕೆಲಸ ಶುರುಮಾಡಬಹುದು.

ಇನ್ನೊಂದು ಕಿವಿಮಾತು. ಎಲೆಯ ಮೇಲ್ಮೈಗೆ ಹೊಳಪಿದೆ, ಆ ಹೊಳಪಿನಲ್ಲಿ ಆಕಾಶದ ಬಿಳಿ ಕೂತು ಬಣ್ಣ ತೊಳೆದುಹೋಗುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ತಿರುಗಿಸಿ ಆ ಬಿಳಿಯನ್ನು ಕಳೆಯಬಹುದು. ಇಲ್ಲದವರು ಬೋರಲು ಬಿದ್ದ ಎಲೆಯನ್ನು ಹುಡುಕಿಕೊಳ್ಳಲಿ. ಬೆನ್ನಿಗೆ ಹೊಳಪು ಕಡಿಮೆ, ನರಗಳು ಎದ್ದು ನಿಂತಿರುತ್ತವೆ, ಬಣ್ಣ ನಿಜಕ್ಕೆ ಹತ್ತಿರ. ನನ್ನನ್ನು ಕೇಳಿದರೆ ಬಾದಾಮಿ ಎಲೆಯ ಒಳ್ಳೆಯ ಮುಖ ಅದರ ಬೆನ್ನೇ.

ನೆಲದ ಮಾತಿಗೆ ಬಂದರೆ ನಮ್ಮ ಜಿಲ್ಲೆ ಭಾಗ್ಯವಂತ. ಎರೆಮಣ್ಣೂ ಇದೆ, ಮಸಾರಿಯೂ ಇದೆ. ನೀರು ಚಿಮುಕಿಸಿದ ಎರೆಮಣ್ಣು ಬಿಳಿ ಹೂವಿಗೆ ಹೇಳಿ ಮಾಡಿಸಿದ ಹಿನ್ನೆಲೆ. ಆದರೆ ಎದುರಿಗೆ ಏನೇ ಇದ್ದರೂ ನಡುಬೂದಿ ಬಣ್ಣವೆಂದೇ ಮೀಟರು ತಿಳಿಯುವುದರಿಂದ ಕರಿಮಣ್ಣು ಬೂದಿಯಾಗಿ, ಹೂವು ಸುಣ್ಣವಾಗಿ ಬರುತ್ತದೆ. ಇಲ್ಲೂ ಎಕ್ಸ್‌ಪೋಷರ್ ಇಳಿಸಲೇಬೇಕು. ಎಲ್ಲಕ್ಕಿಂತ ಮೇಲು ಸೆಗಣಿ ಸಾರಿಸಿದ ಅಂಗಳ. ಹಸಿರುಗಂದು, ಹೊಳಪಿಲ್ಲ, ಕೈಯಾಡಿಸಿದ ಗೆರೆಗಳು ಬಿಲ್ಲಿನಾಕಾರದಲ್ಲಿ ಹರಡಿರುತ್ತವೆ. ಅಂಥ ನೆಲದ ಮೇಲೆ ನುಗ್ಗೆ ಹೂವು ಬಿದ್ದಿದ್ದರೆ ಬೇರೆ ಅಲಂಕಾರವೇ ಬೇಡ. ಶಹಾಬಾದ ಫರಸಿಯೂ ಒಳ್ಳೆಯದೇ. ಹೊಸ ಮನೆಗಳ ಮುಂದಿನ ಮಿರುಗುವ ಟೈಲ್ಸ್ ಮಾತ್ರ ಯಾವ ಹೂವನ್ನೂ ಬದುಕಿಸುವುದಿಲ್ಲ.

ಕ್ಯಾಮೆರಾಕ್ಕೆ ಇಲ್ಲಿ ನಿಜವಾದ ಎದುರಾಳಿ ಕಸಬರಿಗೆ. ಹೊತ್ತು ಮೂಡುವ ಮುಂಚೆ ಕಸ ಹೊಡೆದು, ನೀರು ಹಾಕಿ, ರಂಗೋಲಿ ಬಿಡುವುದು ನಮ್ಮ ಕಡೆಯ ಮನೆಗಳ ನೇಮ. ಫೋಟೋಕ್ಕೆ ಬೇಕಾದ ಬೆಳಕು ಬರುವುದು ಆಮೇಲೆ. ಓಣಿಯ ಅಜ್ಜಿಯೊಬ್ಬರು ನನ್ನನ್ನು ನೋಡಿ ಕೇಳಿದ್ದು ಹೀಗೆ: "ಯಪ್ಪಾ, ಕಸದ್ದೇನ್ ಫೋಟೋ ತಗೀತಿ? ಮದುವಿ ಮನ್ಯಾಗ ತಗದ್ರ ನಾಕು ರೊಕ್ಕನರ ಬರ್ತಾವು." "ಬಿಸಲು ಬರೂತನಕ ಈ ಮೂಲಿ ಒಂದ ಬಿಡಬೇ ಯವ್ವಾ" ಎಂದೆ. ಬಿಟ್ಟರು. ಆ ಮೂಲೆಯಲ್ಲೇ ಕೆಲಸ ಮುಗಿಸಿಕೊಳ್ಳುವುದು ನ್ಯಾಯ. ಗುಡಿಸಿ ಒಟ್ಟಿದ ರಾಶಿಯಿಂದ ಒಳ್ಳೊಳ್ಳೆಯ ಎಲೆ ಆರಿಸಿ, ಹೃದಯದಾಕಾರದಲ್ಲಿ ಜೋಡಿಸಿ, ಮೇಲೆ ಸ್ಪ್ರೇಯಿಂದ ಹನಿ ಸಿಂಪಡಿಸುವವರಿದ್ದಾರೆ. ಅವರ ಚಿತ್ರ ದೂರದಿಂದಲೇ ಗೊತ್ತಾಗುತ್ತದೆ. ಎಲೆಗಳು ಬಿದ್ದಾಗ ಅವುಗಳ ನಡುವೆ ಉಳಿಯುವ ಅಂತರವನ್ನು ಮನುಷ್ಯನ ಕೈ ಎಷ್ಟು ತಿಣುಕಿದರೂ ಮಾಡಲಾರದು. ಗುಟ್ಕಾ ಚೀಟಿ ಬಿದ್ದಿದ್ದರೆ ಎತ್ತಿ ಹಾಕಿ. ತೆಗೆಯಬಹುದು, ಸೇರಿಸಬಾರದು.

ಪಾರಿಜಾತದಲ್ಲಿ ಇನ್ನೊಬ್ಬ ಎದುರಾಳಿಯೂ ಇದ್ದಾರೆ. ನೆಲದಿಂದ ಆರಿಸಿದರೂ ಪೂಜೆಗೆ ಸಲ್ಲುವ ಹೂವು ಅದು, ಹಾಗಾಗಿ ಬುಟ್ಟಿ ಹಿಡಿದವರು ನಸುಕಿನಲ್ಲೇ ಹಾಜರು. ಅದರ ಕಾಲ ಶ್ರಾವಣದಿಂದ ದೀಪಾವಳಿಯ ಆಸುಪಾಸಿನವರೆಗೆ. ಆಗ ಬರೆಯುವೆ. ಆಕಾಶಮಲ್ಲಿಗೆಯದೂ ಆಗಲೇ.

ಬಕುಳದ ಮಾತು ಮಾತ್ರ ಈಗಲೇ ಆಡಬೇಕು. ನಮ್ಮ ಜಿಲ್ಲೆಗೂ ಅದಕ್ಕೂ ನಂಟಿದೆ. 1923ರಲ್ಲಿ ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು.ರಂ. ಎಕ್ಕುಂಡಿಯವರಿಗೆ 1992ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನದ ಹೆಸರೇ 'ಬಕುಳದ ಹೂವುಗಳು'. ಕೀಳುವ ಹೂವಲ್ಲ ಅದು, ಆರಿಸುವ ಹೂವು. ಬೀಳುವಾಗ ಎಸಳಿನ ಚಕ್ರವಷ್ಟೇ ಕಳಚಿ ಬರುತ್ತದೆ, ಶಲಾಕೆ ಮರದಲ್ಲೇ ಉಳಿಯುತ್ತದೆ. ಅದಕ್ಕೇ ಬಿದ್ದ ಹೂವಿನ ನಡುವೆ ತೂತು, ಮಕ್ಕಳು ಸೂಜಿಯಿಲ್ಲದೆ ದಾರಕ್ಕೆ ಪೋಣಿಸುತ್ತಾರೆ. ಮ್ಯಾಕ್ರೊ ಲೆನ್ಸ್ ಇದ್ದವರು ಆ ತೂತಿಗೇ ಫೋಕಸ್ ಮಾಡಲಿ. ಒಣಗಿ ಕಂದಾದರೂ ಆಕಾರ ಕೆಡುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ಫೋಟೋಗ್ರಾಫರಿಗೆ ಇಷ್ಟು ಸಮಯ ಕೊಡುವ ಹೂವು ಬೇರೆ ಇಲ್ಲ.

ರಾಣೆಬೆನ್ನೂರು ಎಂದಾಗ ಬೀಜೋತ್ಪಾದನೆಯ ಹೊಲಗಳು ನೆನಪಾಗುತ್ತವೆ. ಹೈಬ್ರಿಡ್ ಟೊಮ್ಯಾಟೊ, ಮೆಣಸಿನಕಾಯಿ, ಹತ್ತಿ ಬೀಜಕ್ಕಾಗಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವ 'ಕ್ರಾಸಿಂಗ್' ಕೆಲಸ. ಹೂವನ್ನು ಇಷ್ಟು ಹತ್ತಿರದಿಂದ ದಿನವಿಡೀ ನೋಡುವವರು ಬೇರಾರೂ ಇಲ್ಲ. ಹತ್ತಿ ಹೂವಿನ ಗುಟ್ಟು ಅವರಿಗೆಲ್ಲ ಗೊತ್ತು: ಅರಳಿದ ದಿನ ಕೆನೆಬಣ್ಣ, ಮರುದಿನ ಗುಲಾಬಿ, ಆಮೇಲೆ ಸುರುಳಿ ಸುತ್ತಿಕೊಂಡು ಬೀಳುವುದು. ದೇವರ ಬತ್ತಿಗೆಂದು ಹಿತ್ತಲಲ್ಲಿ ಒಂದು ಹತ್ತಿ ಗಿಡ ಹಚ್ಚಿದವರ ಮನೆಯಲ್ಲಿ ಗಿಡದ ಮೇಲಿನ ಕೆನೆಬಣ್ಣವನ್ನೂ ಬುಡದ ಗುಲಾಬಿಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು.

ಇದೆಲ್ಲ ಹೊಸ ಶೋಕಿಯೆಂದು ತಿಳಿಯಬೇಡಿ. ಫೋಟೋಗ್ರಫಿ ಹುಟ್ಟಿದ್ದೇ ಎಲೆಗಳ ಜೊತೆ. ಇಂಗ್ಲೆಂಡಿನ ಟಾಲ್ಬಟ್ 1839ರಲ್ಲಿ ಲೋಕಕ್ಕೆ ತೋರಿಸಿದ ಚಿತ್ರಗಳಲ್ಲಿ ರಾಸಾಯನಿಕ ಬಳಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು ಪಡೆದವೂ ಇದ್ದವು. ಅನ್ನಾ ಆಟ್ಕಿನ್ಸ್ 1843ರಲ್ಲಿ ಕಡಲಪಾಚಿಗಳನ್ನು ನೀಲಿ ಕಾಗದದ ಮೇಲೆ ಇದೇ ರೀತಿ ಮೂಡಿಸಿ ಪುಸ್ತಕ ಮಾಡತೊಡಗಿದಳು, ಕ್ಯಾಮೆರಾ ಇಲ್ಲದೆಯೇ. ನಮ್ಮ ಮಾರ್ಚ್ ತಿಂಗಳ ಬಿಸಿಲನ್ನು ಅವಳು ಕಂಡಿದ್ದರೆ ಏನು ಮಾಡುತ್ತಿದ್ದಳೋ. ನನಗೆ ಗುರು ಅನ್ನಿಸುವವನು ಅಮೆರಿಕದ ಎಲಿಯಟ್ ಪೋರ್ಟರ್. ವೈದ್ಯಕೀಯ ಓದಿ, ಅದನ್ನು ಬಿಟ್ಟು ಕಾಡಿನ ನೆಲ ನೋಡುತ್ತ ಕೂತವನು. ಬಣ್ಣದ ಫೋಟೋ ಎಂದರೆ ಜಾಹೀರಾತು ಎಂದು ಕಲಾಲೋಕ ಮೂಗು ಮುರಿಯುತ್ತಿದ್ದ ಕಾಲದಲ್ಲಿ, 1962ರ ತನ್ನ ಪುಸ್ತಕದಲ್ಲಿ ಬಿದ್ದ ಎಲೆಗಳನ್ನು ಮೆಲುಬಣ್ಣಗಳಲ್ಲಿ ಅಚ್ಚು ಹಾಕಿಸಿ ತೋರಿಸಿದ. ನೇರ ಬಿಸಿಲಿಗಿಂತ ಮೋಡದ ಬೆಳಕು ಅವನಿಗೆ ಹೆಚ್ಚು ಇಷ್ಟ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಲಾರೆ. ನೆಲಮಟ್ಟಕ್ಕೆ ಇಳಿಯುವ ಟ್ರೈಪಾಡ್ ದುಬಾರಿ. ಹಳೆ ಬಟ್ಟೆಯ ಚೀಲಕ್ಕೆ ಎರಡು ಸೇರು ಗೋವಿನಜೋಳ ತುಂಬಿ ಬಾಯಿ ಹೊಲಿದರೆ ಕ್ಯಾಮೆರಾ ಅದರ ಮೇಲೆ ಅಲುಗದೆ ಕೂರುತ್ತದೆ. ಬಿಸಿಲು ಏರಿದ್ದರೆ ಬಿಳಿ ಪಂಜೆಯನ್ನು ಇಬ್ಬರು ಮೇಲೆ ಹಿಡಿದರಾಯಿತು.

ಕೊನೆಗೆ, ಚೆನ್ನಾಗಿ ಬಂದದ್ದರಲ್ಲಿ ಒಂದನ್ನಾದರೂ ಪ್ರಿಂಟ್ ಹಾಕಿಸಿ. ಫೋನಿನ ಪರದೆ ಎಲ್ಲವನ್ನೂ ಹೊಳೆಯಿಸುತ್ತದೆ, ಕಾಗದ ಹಾಗೆ ಮಾಡದು. ಹನ್ನೆರಡು ಇಂಚಿಗಿಂತ ದೊಡ್ಡದು ಬೇಡ. ಸ್ಟುಡಿಯೋದಲ್ಲಿ ಮ್ಯಾಟ್ ಪೇಪರ್ ಬೇಕೆಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಗ್ಲಾಸಿ ಕೊಡುತ್ತಾರೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಅಭ್ಯಾಸಬಲದಿಂದ ಕಲರ್ ಏರಿಸಲು ಕೈ ಹಾಕುತ್ತಾನೆ. ಅವನ ಪಕ್ಕದಲ್ಲೇ ನಿಂತು, ಇದ್ದಂಗ ಇರಲಿ ತಮ್ಮಾ, ಮುಟ್ಟಬ್ಯಾಡ ಎನ್ನಿ.