ಕೆಂಪು ಮೈ, ಬಿಳಿ ಮೋರೆ

ಹೆರೆಫರ್ಡ್ ಹೋರಿ ಎದುರಿಗೆ ನಿಂತರೆ ಕಣ್ಣು ಮೊದಲು ಹೋಗುವುದು ಅದರ ಮೋರೆಗೆ. ಗಾಢ ಕೆಂಪು ಮೈ, ಅದರ ಮುಂದೆ ಅಚ್ಚ ಬಿಳಿ ಮೋರೆ, ಹಣೆಯ ಮೇಲೆ ಒತ್ತೊತ್ತಾದ ಗುಂಗುರು ಕೂದಲು. ಬಿಳುಪು ಅಲ್ಲಿಗೇ ನಿಲ್ಲುವುದಿಲ್ಲ. ಕುತ್ತಿಗೆಯ ಮೇಲೆ ಪಟ್ಟೆಯಾಗಿ ಹೆಗಲಿನ ಕಡೆಗೆ ಹೋಗುತ್ತದೆ. ಗಂಟಲಿನಿಂದ ಇಳಿದು ಎದೆಗೆ, ಎದೆಯಿಂದ ಹೊಟ್ಟೆಯಡಿಗೆ ಹರಿಯುತ್ತದೆ. ಮೊಣಕಾಲಿನ ಕೆಳಗೆ ಮತ್ತೆ ಕಾಣಿಸಿಕೊಂಡು ಬಾಲದ ಕುಚ್ಚಿನಲ್ಲಿ ಮುಗಿಯುತ್ತದೆ. ಎರಡೇ ಬಣ್ಣ. ಮೂರನೆಯದು ಬೇಕೆನ್ನಿಸುವುದಿಲ್ಲ.

ಹಳ್ಳಿಕಾರ್, ಅಮೃತಮಹಲ್ ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಏನೋ ಕಡಿಮೆಯಾದಂತೆ ಕಾಣಬಹುದು. ಹಿಣಿಲಿಲ್ಲ. ಕೊಂಬಿಗೆ ಹಿಂದಕ್ಕೆ ಸಾಗಿ ಮೇಲೇರುವ ಠೀವಿಯಿಲ್ಲ. ಪಕ್ಕಕ್ಕೆ ಚಾಚಿ, ಮುಂದಕ್ಕೆ ತಿರುಗಿ, ತುದಿಯಲ್ಲಿ ಕೆಳಗೆ ಬಾಗುತ್ತದೆ. ಓಡುವ ಮೈಕಟ್ಟಂತೂ ಅಲ್ಲವೇ ಅಲ್ಲ. ಕಾಲು ಗಿಡ್ಡ, ಎದೆ ಅಗಲ, ಬೆನ್ನು ಹೆಗಲಿನಿಂದ ಬಾಲದ ಬುಡದವರೆಗೆ ಸಮ, ಪಕ್ಕೆ ಹೊರಕ್ಕೆ ಉಬ್ಬಿ ಹೊಟ್ಟೆ ತುಂಬಿದ ಕಣಜದ ಹಾಗೆ. ನಮ್ಮ ರಾಸುಗಳ ಚೆಲುವು ನಡಿಗೆಯಲ್ಲಿದೆ. ಇದರ ಚೆಲುವು ನಿಲುವಿನಲ್ಲಿ. ಇದು ಮಾಂಸಕ್ಕಾಗಿ ಸಾಕುವ ತಳಿ, ಆ ಮಾತನ್ನು ನುಂಗಿಕೊಂಡು ಬರೀ ಬಣ್ಣ ಹೊಗಳುವುದು ಪ್ರಾಮಾಣಿಕವಲ್ಲ. ಆದರೆ ಮಾಂಸದ ತಳಿಯನ್ನು ಮೆಚ್ಚಲು ಮಾಂಸ ತಿನ್ನಲೇಬೇಕೆಂದೇನೂ ಇಲ್ಲ. ಬೇರೆ ಏನನ್ನೂ ಬೇಡದೆ ಹುಲ್ಲನ್ನೇ ಮೈಯಾಗಿಸಿಕೊಳ್ಳುವ ಪ್ರಾಣಿಯನ್ನು ಮನುಷ್ಯ ಹೇಗೆ ರೂಪಿಸಿದ ಎಂಬುದು ತಾನಾಗಿಯೇ ದೊಡ್ಡ ಕಥೆ.

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್‌ಗೆ ತಾಗಿಕೊಂಡು, ವೈ ನದಿ ಬಳುಕಿಕೊಂಡು ಹರಿಯುವ ಸೀಮೆ ಹೆರೆಫರ್ಡ್‌ಷೈರ್. ಸೈಡರ್ ಎಂಬ ಹುಳಿಮದ್ಯಕ್ಕೆ ಬೇಕಾದ ಸೇಬಿನ ತೋಟಗಳ ಊರು. ಮಳೆ ಧಾರಾಳ, ಹುಲ್ಲು ದಟ್ಟ, ಮಣ್ಣು ಕೆಂಪು. ಹಳ್ಳಿಗಳ ಹಳೆಯ ಮನೆಗಳೆಲ್ಲ ಕಪ್ಪು ತೊಲೆ, ಬಿಳಿ ಗೋಡೆ. ಅವುಗಳ ಹಿಂದಿನ ಗದ್ದೆಯಲ್ಲಿ ಕೆಂಪು ಬಿಳಿ ದನ. ಇವುಗಳ ಪೂರ್ವಜರು ನೇಗಿಲಿಗೆ ಕಟ್ಟುವ ಎತ್ತುಗಳು. ಕೆಲವು ವರ್ಷ ಉತ್ತು, ದುಡಿದು, ಆಮೇಲೆ ಮೇಯಿಸಿ ಕೊಬ್ಬಿಸಿ ಲಂಡನ್ನಿನ ಸ್ಮಿತ್‌ಫೀಲ್ಡ್ ಪೇಟೆಯ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ಅಗಲವಾದ ಹೆಗಲು, ಆ ಸೌಮ್ಯ ಸ್ವಭಾವ ಎರಡೂ ನೊಗದ ಕಾಲದ ಆಸ್ತಿ. ಸಿಟ್ಟಿನ ಎತ್ತನ್ನು ಯಾವ ರೈತ ಇಟ್ಟುಕೊಂಡಾನು?

ತಳಿಯ ಚರಿತ್ರೆಯನ್ನು ಸಾಮಾನ್ಯವಾಗಿ 1742ರಿಂದ ಹೇಳುತ್ತಾರೆ. ಬೆಂಜಮಿನ್ ಟಾಮ್ಕಿನ್ಸ್ ಎಂಬ ರೈತನಿಗೆ ಅಪ್ಪನ ಆಸ್ತಿಯಲ್ಲಿ ಬಂದದ್ದು ಸಿಲ್ವರ್ ಎಂಬ ಹಸುವಿನ ಒಂದು ಹೋರಿಗರು, ಜೊತೆಗೆ ಪಿಜನ್ ಮತ್ತು ಮಾಟಲ್ ಎಂಬ ಎರಡು ಹಸು. ಬಂಡವಾಳ ಇಷ್ಟೆ. ಆತನಿಗೆ ಬೇಕಾಗಿದ್ದದ್ದು ಕಡಿಮೆ ಮೇವಿನಲ್ಲಿ ಮೈ ತುಂಬುವ, ಬೇಗ ಬಲಿಯುವ, ಚಳಿ ಮಳೆ ತಡೆಯುವ, ವರ್ಷವರ್ಷ ಈಯುವ ದನ. ಬಣ್ಣದ ಗೊಡವೆಗೆ ಆತ ಹೋಗಲಿಲ್ಲ. ಅವನ ಹಿಂಡಿನಲ್ಲಿ ಬೂದು ಮೈಯವೂ ಇದ್ದವು, ಮೋರೆಯಲ್ಲಿ ಚುಕ್ಕೆ ಮಚ್ಚೆ ಇದ್ದವೂ ಇದ್ದವು. ಅವನ ನಂತರದವರು ಬಣ್ಣಕ್ಕಾಗಿ ಕಿತ್ತಾಡಿದರು. ಚುಕ್ಕೆ ಮೋರೆಯವರದೊಂದು ಪಕ್ಷ, ಬೂದು ಮೈಯವರದೊಂದು, ಬಿಳಿ ಮೋರೆಯವರದೊಂದು. 1846ರಲ್ಲಿ ಐಟನ್ ಎಂಬ ನಿಸರ್ಗವಿಜ್ಞಾನಿ ತಳಿಯ ಮೊದಲ ವಂಶಾವಳಿ ಪುಸ್ತಕ ಪ್ರಕಟಿಸಿದಾಗಲೂ ಜಗಳ ಆರಿರಲಿಲ್ಲ. ಕೊನೆಗೆ ಬಿಳಿ ಮೋರೆ ಗೆದ್ದಿತು. 1878ರಲ್ಲಿ ತಳಿಯ ಸಂಘವಾಯಿತು, 1886ರಿಂದ ಪುಸ್ತಕದ ಬಾಗಿಲು ಮುಚ್ಚಿತು: ಅಪ್ಪ ಅಮ್ಮ ಇಬ್ಬರ ಹೆಸರೂ ಮೊದಲೇ ದಾಖಲಾಗಿರದ ಕರುವಿಗೆ ಒಳಗೆ ಜಾಗವಿಲ್ಲ.

ಟಾಮ್ಕಿನ್ಸ್ ಕಣ್ಣೆತ್ತಿ ನೋಡದ ಬಿಳಿ ಮೋರೆಯೇ ಇವತ್ತು ತಳಿಯ ಮುದ್ರೆ. ಆ ಮುದ್ರೆ ಅಳಿಸುವಂಥದ್ದೂ ಅಲ್ಲ. ಹೆರೆಫರ್ಡ್ ಹೋರಿಯನ್ನು ಯಾವ ಬಣ್ಣದ ಹಸುವಿಗೆ ಕೂಡಿಸಿದರೂ ಕರುವಿನ ಮೋರೆ ಬೆಳ್ಳಗೆ ಬರುತ್ತದೆ. ಕಪ್ಪು ಆಂಗಸ್ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ್ದು ಕಪ್ಪು ಮೈ, ಬಿಳಿ ಮೋರೆ. ಹಾಲಿನ ಹಸುಗಳ ಕೊಟ್ಟಿಗೆಯಲ್ಲಿ ಹುಟ್ಟಿದರೂ ಅಷ್ಟೆ. ಕೆಂಪು ಬಣ್ಣ ಕಪ್ಪಿನ ಮುಂದೆ ಸೋಲುತ್ತದೆ, ಬಿಳಿ ಮೋರೆ ಯಾರಿಗೂ ಸೋಲುವುದಿಲ್ಲ. ಸಂತೆಯಲ್ಲಿ ಕರುವಿನ ಅಪ್ಪ ಯಾರೆಂದು ಕಾಗದ ತೆಗೆದು ತೋರಿಸಬೇಕಿಲ್ಲ.

ಆದರೆ ಆ ಬಿಳುಪಿಗೆ ಬೆಲೆಯೂ ಇದೆ. ಬಿಸಿಲು ಚುರುಕಾದ ನಾಡುಗಳಲ್ಲಿ, ಕಣ್ಣಿನ ಸುತ್ತ ಬಣ್ಣವೇ ಇಲ್ಲದ ಹೆರೆಫರ್ಡ್‌ಗಳಿಗೆ ಕಣ್ಣಿನ ಕ್ಯಾನ್ಸರ್ ತಗಲುವ ಅಪಾಯ ಹೆಚ್ಚು. ಆದ್ದರಿಂದ ತಿಳಿದ ಸಾಕಣೆಗಾರರು ಕಣ್ಣಿನ ಸುತ್ತ ಕೆಂಪು ಉಂಗುರವಿರುವ ರಾಸನ್ನು ಆರಿಸುತ್ತಾರೆ. ಚಿತ್ರ ಬರೆಯುವವನಿಗೆ ಆ ಉಂಗುರ ಬಿಳುಪಿನ ಮೇಲಿನ ಕಲೆಯಂತೆ ಕಂಡೀತು. ನನ್ನ ಕಣ್ಣಿಗೆ ಮೋರೆಗೆ ನೋಟ ಬರುವುದೇ ಅದರಿಂದ. ಬಿಳಿ ಕೆಚ್ಚಲಿನ ಕಥೆಯೂ ಹೀಗೇ: ಅಮೆರಿಕದ ಬಯಲಿನಲ್ಲಿ ಹಿಮದ ಮೇಲೆ ಬಿದ್ದ ಬಿಸಿಲು ಕೆಳಗಿನಿಂದ ತಿರುಗಿ ಬಡಿದು ಮೊಲೆ ಸುಡುತ್ತದೆ, ನೋವಿಗೆ ಹಸು ಕರುವನ್ನು ಒದೆಯುತ್ತದೆ.

ಅಮೆರಿಕಕ್ಕೆ ಈ ದನವನ್ನು ಮೊದಲು ತರಿಸಿದವನು ಕೆಂಟಕಿಯ ರಾಜಕಾರಣಿ ಹೆನ್ರಿ ಕ್ಲೇ, 1817ರಲ್ಲಿ. ಆಸ್ಟ್ರೇಲಿಯ, ಅರ್ಜೆಂಟೀನ, ಉರುಗ್ವೆ ಎಲ್ಲ ಕಡೆಗೂ ಅದೇ ಶತಮಾನದಲ್ಲಿ ಹೋಯಿತು. ಆ ಪಟ್ಟಿ ಬೆಳೆಸುವುದು ಬೇಡ. ಅಯೋವದ ವಾರನ್ ಗ್ಯಾಮನ್ ಮಾಡಿದ ಕೆಲಸವನ್ನು ಮಾತ್ರ ಹೇಳಲೇಬೇಕು. ಕೊಂಬಿಲ್ಲದ ಹೆರೆಫರ್ಡ್ ಬೇಕೆಂದು ಅವನಿಗೆ ಹಟ. ಬೇರೆ ತಳಿಯ ರಕ್ತ ಬೆರೆಸಿದರೆ ಸುಲಭ, ಆದರೆ ಶುದ್ಧತೆ ಹೋಗುತ್ತದೆ. ಹುಟ್ಟಿನಿಂದಲೇ ಕೊಂಬು ಮೂಡದ ಹೆರೆಫರ್ಡ್ ಎಲ್ಲಾದರೂ ಇದೆಯೇ ಎಂದು 1901ರಲ್ಲಿ ಸುಮಾರು 2,500 ಸಾಕಣೆಗಾರರಿಗೆ ಕಾಗದ ಬರೆದ. ಸಿಕ್ಕಿದ್ದು ಬೆರಳೆಣಿಕೆಯಷ್ಟು, ಅದರಲ್ಲಿ ನಾಲ್ಕು ಹೋರಿ, ಏಳು ಹಸು ಕೊಂಡ. ಕೊಂಬಿಲ್ಲದ ಹೆರೆಫರ್ಡ್ ಶಾಖೆಯ ಬುಡ ಆ ಹನ್ನೊಂದು ರಾಸು. ಉಳಿ ಹಿಡಿದು ಕೊಂಬು ತೆಗೆಯುವ ಕಷ್ಟವನ್ನು ಅಂಚೆಚೀಟಿಯಿಂದ ನೀಗಿಸಿದವನನ್ನು ಮೆಚ್ಚದೆ ಇರುವುದು ಹೇಗೆ!

ಕಣ್ಣು ಮೋಸ ಹೋದ ಕಥೆಯೂ ಈ ತಳಿಯಲ್ಲೇ ಇದೆ. ಕಳೆದ ಶತಮಾನದ 30, 40ರ ದಶಕಗಳಲ್ಲಿ ಅಮೆರಿಕದ ಪ್ರದರ್ಶನ ಕಣಗಳಲ್ಲಿ ಒಂದು ಹುಚ್ಚು ಹಿಡಿಯಿತು. ನೆಲಕ್ಕೆ ಹತ್ತಿರವಾದ, ಗಿಡ್ಡ ಕಾಲಿನ, ದುಂಡು ದುಂಡಾದ ಹೋರಿಯೇ ಚೆಲುವು ಎಂದು ತೀರ್ಪುಗಾರರು ಪದಕ ಕೊಡತೊಡಗಿದರು. ಹಿಂಡುಗಳಲ್ಲಿ ಕುಬ್ಜತೆಯ ಒಂದು ಗುಣಾಣು ಗುಪ್ತವಾಗಿತ್ತು. ಅದರ ಒಂದೇ ಪ್ರತಿ ಹೊತ್ತ ಹೋರಿಗಳು ಕೊಂಚ ಅಡಕವಾಗಿ, ಅಚ್ಚುಕಟ್ಟಾಗಿ ಕಾಣುತ್ತಿದ್ದವು ಎನ್ನುತ್ತಾರೆ. ಪದಕ ಅವುಗಳಿಗೇ ಹೋಯಿತು, ಬೇಡಿಕೆಯೂ ಅವುಗಳಿಗೇ ಬಂತು. ಅಂಥ ಹೋರಿಗೆ ಅಂಥದೇ ಹಸು ಕೂಡಿದಲ್ಲಿ ನಾಲ್ಕರಲ್ಲಿ ಒಂದು ಪಾಲಿನ ಸಂಭವ: ಉಬ್ಬು ಹಣೆ, ಡೊಳ್ಳು ಹೊಟ್ಟೆ, ಗೊರಗೊರ ಉಸಿರು, ಬಹುದಿನ ಬದುಕದ ಕುಬ್ಜ ಕರು. ಕೆಲವರು ಅವನ್ನು ಮುಚ್ಚಿಟ್ಟರು. ಹಣೆಯ ಉಬ್ಬನ್ನು ಅಳೆದು ಗುಪ್ತವಾಹಕರನ್ನು ಕಂಡುಹಿಡಿಯುವ ಉಪಕರಣವೊಂದು ಬಂತು, ಕೆಲಸಕ್ಕೆ ಬರಲಿಲ್ಲ. ಕೊನೆಗೆ ಹೆಸರಾಂತ ವಂಶಗಳನ್ನೇ ಕೈಬಿಟ್ಟು ಹಿಂಡು ಶುದ್ಧಿ ಮಾಡಬೇಕಾಯಿತು. ಆಮೇಲೆ 70ರ ದಶಕದಲ್ಲಿ ಹುಚ್ಚು ಇನ್ನೊಂದು ತುದಿಗೆ ಜಿಗಿದು ಎತ್ತರದ ಕಾಲೇ ಚೆಲುವಾಯಿತು ಎಂಬುದು ಬೇರೆ ಮಾತು.

ಹಾಗಾದರೆ ಎಲ್ಲಿ ನೋಡಬೇಕು? ಹೊಸದಾಗಿ ಸಾಕಲು ಹೊರಟವರು ಹೋರಿಯ ಮುಂದೆ ನಿಲ್ಲುತ್ತಾರೆ. ಹಳಬರು ಹಸುವಿನ ಹಿಂದೆ ನಿಲ್ಲುತ್ತಾರೆ. ಹಿಂಗಾಲುಗಳು ನೇರ ಇಳಿದಿವೆಯೇ, ಹೆಜ್ಜೆ ಹಾಕುವಾಗ ಹಿಂದಿನ ಗೊರಸು ಮುಂದಿನ ಗೊರಸಿನ ಗುರುತಿನ ಮೇಲೆ ಬೀಳುತ್ತದೆಯೇ, ಸೊಂಟದ ಎಲುಬುಗಳ ನಡುವೆ ಕರು ಹೊರಬರುವಷ್ಟು ಹರವಿದೆಯೇ, ಕೆಚ್ಚಲು ಹೊಟ್ಟೆಗೆ ಬಿಗಿಯಾಗಿ ಅಂಟಿದೆಯೇ, ಈಗ ಹುಟ್ಟಿದ ಕರುವಿನ ಬಾಯಿಗೆ ದಕ್ಕುವಷ್ಟೇ ಮೊಲೆ ದಪ್ಪವಿದೆಯೇ. ಹತ್ತು ವರ್ಷದ ಹಸು, ಎಂಟನೆಯ ಕರು ಕಾಲಬಳಿ, ಹಲ್ಲು ಇನ್ನೂ ಗಟ್ಟಿ, ಚಳಿಗಾಲ ಕಳೆದರೂ ಮೈಮೇಲೆ ಮಾಂಸ: ಈ ತಳಿಯಲ್ಲಿ ಇದಕ್ಕಿಂತ ಚೆಂದದ ವಸ್ತು ನನಗೆ ತೋರುವುದಿಲ್ಲ. ಪದಕದ ರಿಬ್ಬನ್ ಯಾವತ್ತೂ ಇಂಥವಕ್ಕೆ ಬೀಳುವುದಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಹೆರೆಫರ್ಡ್ ಗಬ್ಬದ ಅವಧಿ ಸುಮಾರು 285 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಉಳಿಯುವುದು 80 ದಿನ. ಅಷ್ಟರೊಳಗೆ ಹಸು ಈದ ಆಯಾಸ ಕಳೆದು, ಕರುವಿಗೆ ಹಾಲುಣಿಸುತ್ತಲೇ ಬೆದೆಗೆ ಬಂದು ಮತ್ತೆ ಗಬ್ಬ ಕಟ್ಟಬೇಕು. ಬರೀ ಹುಲ್ಲಿನ ಮೇಲೆ, ಯಾರ ಕೈತುತ್ತಿಲ್ಲದೆ. ಇದನ್ನು ಸದ್ದಿಲ್ಲದೆ ವರ್ಷವರ್ಷ ಮಾಡುವ ಹಸುವೇ ಹಿಂಡು. ಕಡಸು ಎರಡು ವರ್ಷಕ್ಕೆ ಮೊದಲ ಸಲ ಈಯುವಂತೆ ಹದಿನಾಲ್ಕು ಹದಿನೈದು ತಿಂಗಳಿಗೆ ಕೂಡಿಸುತ್ತಾರೆ. ಆಗ ಹೋರಿಯ ಆಯ್ಕೆಯಲ್ಲಿ ಗಾತ್ರದ ಆಸೆ ಬಿಡಬೇಕು. ಹಗುರ ಕರು ಹುಟ್ಟಿಸುವ ವಂಶವನ್ನೇ ಹುಡುಕಬೇಕು. ಮೊದಲ ಕರು ಸಿಕ್ಕಿಕೊಂಡ ಕಡಸು ಸಾಕಣೆಗಾರನನ್ನು ರಾತ್ರಿಯಿಡೀ ಕೂರಿಸುತ್ತದೆ. ಸರಿಯಾಗಿ ಈದರೆ ನೋಡುವ ಭಾಗ್ಯವೇ ಬೇರೆ. ತಾಯಿ ನೆಕ್ಕಿ ನೆಕ್ಕಿ ಒಣಗಿಸುತ್ತಾಳೆ, ಒದ್ದೆ ಕೆಂಪು ಮೆಲ್ಲಗೆ ಗುಂಗುರಾಗುತ್ತದೆ, ಬಿಳಿ ಮೋರೆ ಕೆಚ್ಚಲು ಹುಡುಕಿ ಮುಂಗಾಲಿನ ಸಂದಿಯಲ್ಲೆಲ್ಲ ತಡಕಾಡಿ ಕಡೆಗೆ ಮೊಲೆ ಹಿಡಿಯುತ್ತದೆ. ಗಿಣ್ಣುಹಾಲು ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಿದರೆ ಅರ್ಧ ಕಾಯಿಲೆ ದೂರ.

ಹೋರಿಗೂ ಒಂದು ಮಾತು ಸಲ್ಲಬೇಕು. ಟನ್ನಿನ ಹತ್ತಿರ ತೂಗುವ ಪ್ರಾಣಿ, ಮಗ್ಗುಲಲ್ಲಿ ನಡೆದು ಬರುವ ಹುಡುಗನ ಕೈಯ ಹಗ್ಗಕ್ಕೆ ತಲೆ ತಗ್ಗಿಸಿ ಬರುತ್ತದೆ. ಹೆರೆಫರ್ಡ್ ಊರಿನ ಫುಟ್‌ಬಾಲ್ ತಂಡ ಪಂದ್ಯಕ್ಕೆ ಮೊದಲು ಇಂಥದೊಂದು ಹೋರಿಯನ್ನು ಕಿರುಚುವ ಜನರ ನಡುವೆ ಮೈದಾನದ ಸುತ್ತ ನಡೆಸುವ ಸಂಪ್ರದಾಯವನ್ನೇ ಇಟ್ಟುಕೊಂಡಿತ್ತು. ಬೇರೆ ತಳಿಯ ಹೋರಿಯನ್ನು ಹಾಗೆ ಕರೆತರುವ ಧೈರ್ಯ ಎಷ್ಟು ಜನಕ್ಕಿದೆಯೋ ಕಾಣೆ. ಆದರೂ ಸಾಧುವೆಂದು ಬೆನ್ನು ತಿರುಗಿಸಬಾರದು; ಹೋರಿ ಹೋರಿಯೇ. ಅದರ ಮೋರೆಗಿಂತ ವೃಷಣದ ಸುತ್ತಳತೆ ಹೆಚ್ಚು ಹೇಳುತ್ತದೆ: ಅಳತೆ ದೊಡ್ಡದಿದ್ದಷ್ಟೂ ಅದರ ಹೆಣ್ಣುಕರುಗಳು ಬೇಗ ಬೆದೆಗೆ ಬರುತ್ತವೆ. ಅಪ್ಪನಲ್ಲೂ ನೋಡಬೇಕಾದದ್ದು ಮುಂದಿನ ಹಸುವನ್ನೇ.

ನಮಗೂ ಈ ಕಥೆಯಲ್ಲಿ ಒಂದು ಎಳೆ ಇದೆ. ಫ್ಲಾರಿಡಾದ ಸೆಕೆ, ಉಣ್ಣೆಗಳ ಕಾಟ ಹೆರೆಫರ್ಡ್‌ಗೆ ಒಗ್ಗಲಿಲ್ಲ. 1947ರ ಹೊತ್ತಿಗೆ ಅಲ್ಲಿನ ಆಲ್ಟೊ ಆಡಮ್ಸ್ ಎಂಬ ಸಾಕಣೆಗಾರ ಬ್ರಾಹ್ಮನ್ ಹಸುಗಳಿಗೆ ಹೆರೆಫರ್ಡ್ ಹೋರಿ ಕೂಡಿಸಿ ಬ್ರಾಫರ್ಡ್ ತಳಿಗೆ ಕೈಹಾಕಿದ. ಆ ಬ್ರಾಹ್ಮನ್ ಅಮೆರಿಕದಲ್ಲಿ ರೂಪುಗೊಂಡದ್ದು ಭಾರತದಿಂದ ಹೋದ ಕಾಂಕ್ರೇಜ್, ಗಿರ್, ಓಂಗೋಲ್ ಮತ್ತು ಕೃಷ್ಣಾ ಕಣಿವೆ ತಳಿಗಳ ರಕ್ತದಿಂದ. ಬೆಳಗಾವಿ, ಬಿಜಾಪುರ ಸೀಮೆಯ ಎರೆಮಣ್ಣಿನಲ್ಲಿ ನೇಗಿಲೆಳೆಯುತ್ತಿದ್ದ ರಾಸುಗಳ ರಕ್ತ, ಬಿಳಿ ಮೋರೆಯ ಹಿಂದೆ, ಫ್ಲಾರಿಡಾದ ಜೌಗಿನಲ್ಲಿ ಮೇಯುತ್ತಿದೆ. ಹೋದದ್ದು ಅಷ್ಟು ದೂರ, ಬಂದದ್ದೂ ಇದೆ. 2009ರಲ್ಲಿ ವಿಜ್ಞಾನಿಗಳು ದನದ ಪೂರ್ಣ ಜೀನೋಮನ್ನು ಮೊದಲ ಬಾರಿಗೆ ಓದಿ ಪ್ರಕಟಿಸಿದಾಗ ಅದಕ್ಕೆ ರಕ್ತ ಕೊಟ್ಟದ್ದು ಮೊಂಟಾನದ ಸರ್ಕಾರಿ ಸಂಶೋಧನಾ ಹಿಂಡಿನ ಎಲ್ ಒನ್ ಡಾಮಿನೆಟ್ ಎಂಬ ಹೆರೆಫರ್ಡ್ ಹಸು. ಭಾರತದ ತಳಿಗಳ ಜೀನೋಮ್ ಅಧ್ಯಯನ ಮಾಡಿದವರೂ ಬಹುಕಾಲ ಅವಳ ಪಕ್ಕದಲ್ಲಿಟ್ಟೇ ಹೋಲಿಸಿದ್ದಾರೆ. ಅಲ್ಲೂ ಹೆಸರು ಬಂದದ್ದು ಹಸುವಿಗೆ.

ನೆಲವಿದ್ದು, ಹುಲ್ಲಿದ್ದು, ಈ ತಳಿಯ ಆಸೆ ಹತ್ತಿದ ಕನ್ನಡಿಗರು ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯದಲ್ಲೋ ಇದ್ದರೆ, ಎರಡು ಮೂರು ಗಬ್ಬದ ಹಸುಗಳಿಂದ ಶುರು ಮಾಡಿ. ಅಷ್ಟಕ್ಕೆ ಸ್ವಂತ ಹೋರಿ ದಂಡ, ಕೃತಕ ಗರ್ಭಧಾರಣೆ ಸಾಕು. ಸುಮ್ಮನೆ ನೋಡಲು ಹೋಗುವವರು ಹೆರೆಫರ್ಡ್ ಪೇಟೆಯ ನಡುವೆ ನಿಂತಿರುವ ಕಂಚಿನ ಹೋರಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗಬೇಡಿ. ಯಾವುದಾದರೂ ಸಾಕಣೆಗಾರರ ಹೊಲಕ್ಕೆ ಹೋಗಿ, ಹಿಂಡಿನ ಅತಿ ಹಳೆಯ ಹಸುವನ್ನು ತೋರಿಸಿ ಎಂದು ಕೇಳಿ. ಹೋರಿಯನ್ನು ಅವರು ಕೇಳದಿದ್ದರೂ ತೋರಿಸುತ್ತಾರೆ.