ತಿರುಗಿಸುವ ಕೈ ಯಾರದು?

ಕಲೆಯನ್ನು ನೋಡಬೇಕಾದರೆ ಸೈಕಲ್ ತುಳಿಯಬೇಕು ಎಂದರೆ ನಮ್ಮ ಕಲಾದಗಿಯ ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಾರು. ಜೆಫ್ರಿ ಶಾ ಎಂಬ ಕಲಾವಿದರು ಮಾಡಿಸಿದ್ದು ಅದನ್ನೇ. 1944ರಲ್ಲಿ ಮೆಲ್ಬರ್ನಿನಲ್ಲಿ ಹುಟ್ಟಿದ ಇವರು, ಕಂಪ್ಯೂಟರಿನಲ್ಲಿ ಕಟ್ಟಿದ ಲೋಕದೊಳಗೆ ನೋಡುಗರನ್ನು ಓಡಾಡಿಸಿದ ಮೊದಲಿಗರಲ್ಲಿ ಒಬ್ಬರು. 1989ರ ‘ದ ಲೆಜಿಬಲ್ ಸಿಟಿ’ಯಲ್ಲಿ, ನೆಲಕ್ಕೆ ಬಿಗಿದ ಸೈಕಲ್ಲನ್ನು ತುಳಿದರೆ ಎದುರಿನ ಪರದೆಯ ಮೇಲೆ ಮ್ಯಾನ್‌ಹಟನ್ನಿನ ಬೀದಿಗಳು ಸರಿಯುತ್ತವೆ. ಬೀದಿಯ ಎರಡೂ ಬದಿಗೆ ಕಟ್ಟಡಗಳ ಬದಲು ದೊಡ್ಡ ದೊಡ್ಡ ಅಕ್ಷರಗಳು. ಓದುತ್ತ ಹೋದರೆ ಕತೆ. ಮೇಯರರ ಬಾಯಲ್ಲಿಟ್ಟ ಮಾತಿಗೆ ಒಂದು ಬಣ್ಣ, ಟ್ಯಾಕ್ಸಿ ಚಾಲಕನ ಮಾತಿಗೆ ಇನ್ನೊಂದು. ಯಾರ ಮಾತಿನ ಹಿಂದೆ ಹೋಗಬೇಕೆಂಬುದು ತುಳಿಯುವವರ ಇಷ್ಟ.

1994ರಲ್ಲಿ ಬಂದದ್ದು ‘ದ ಗೋಲ್ಡನ್ ಕಾಫ್’, ಅಂದರೆ ಚಿನ್ನದ ಕರು. ಕೋಣೆಯಲ್ಲಿ ಬರೀ ಒಂದು ಪೀಠ. ಪುಟ್ಟ ಪರದೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಪೀಠದ ಮೇಲೆ ಕರು ಹೊಳೆಯುತ್ತದೆ. ಅದರ ಬೆನ್ನು ಕಾಣಬೇಕೆಂದರೆ ಸುತ್ತು ಹಾಕಬೇಕು. ಗುಡಿ ಸುತ್ತಿ ಬೆಳೆದ ನಮಗೆ ಇದು ಹೊಸದೇನಲ್ಲ. ಕಣ್ಣಿನ ಜೊತೆ ಕಾಲೂ ದುಡಿಯಬೇಕು ಎಂಬ ಈ ಹಟವನ್ನೇ ನಾನು ಶಾ ಅವರಲ್ಲಿ ಮೆಚ್ಚುವುದು.

ಮುಂದೆ ಅವರು ನಮ್ಮ ಹಂಪಿಗೂ ಬಂದರು. ಸಾರಾ ಕೆಂಡರ್‌ಡೈನ್ ಅವರೊಡನೆ ಮಾಡಿದ ‘ಪ್ಲೇಸ್–ಹಂಪಿ’ 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಪ್ರದರ್ಶನಗೊಂಡಿತು. 2012ರಲ್ಲಿ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆ ಕಂಡಿತು. 9 ಮೀಟರ್ ಅಡ್ಡಳತೆಯ ದುಂಡು ಪರದೆ, ನಡುವೆ ತಿರುಗುವ ಕಟ್ಟೆ. ವಿಶೇಷ ಕನ್ನಡಕದೊಳಗಿಂದ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತಲುಪಿ, ಬಂಡೆಗಳಿಗೆ ಆಳ ಬರುತ್ತದೆ. ಜಾನ್ ಗೋಲಿಂಗ್ಸ್ ತೆಗೆದ ಹಂಪಿಯ ಚಿತ್ರಗಳ ನಡುವೆ ದೇವತೆಗಳು ಅನಿಮೇಶನ್ನಿನಲ್ಲಿ ಸುಳಿದಾಡುತ್ತಾರೆ.

ಇಲ್ಲಿ ನನ್ನದೊಂದು ತಕರಾರಿದೆ. ಕಟ್ಟೆಯನ್ನು ತಿರುಗಿಸುವ ಅಧಿಕಾರ ಒಂದು ಹೊತ್ತಿಗೆ ಒಬ್ಬರದೇ. ಜೊತೆಗೆ ನಿಂತವರು ಅವರು ತಿರುಗಿಸಿದತ್ತಲೇ ನೋಡಬೇಕು. ಟಿವಿ ರಿಮೋಟು ಯಾರ ಕೈಯಲ್ಲಿರುತ್ತದೆ ಎಂದು ಬಲ್ಲ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು: ಮ್ಯಾನ್‌ಹಟನ್ನಿನಲ್ಲಿ ಟ್ಯಾಕ್ಸಿ ಚಾಲಕನಿಗೂ ಬಾಯಿ ಕೊಟ್ಟ ಕಲಾವಿದರು, ಹಂಪಿಯಲ್ಲಿ ಜೀವ ತುಂಬಲು ದೇವತೆಗಳನ್ನು ಕರೆದರು. ವಿರೂಪಾಕ್ಷನ ಗುಡಿಯ ಮುಂದೆ ಬಾಳೆಹಣ್ಣು ಮಾರುವವಳ ಮಾತಿಗೂ ಒಂದು ಬಣ್ಣ ಬೇಕಿತ್ತು ಅನಿಸುತ್ತದೆ ನನಗೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಕಲ್ಲು ನಾಳೆಯೂ ಇರುತ್ತದೆ. ಒಲೆಯ ಮಸಿ ಇರುವುದಿಲ್ಲ.

ಇದು ನಮ್ಮ ಜಿಲ್ಲೆಗೆ ಬೇರೆಯವರ ಸುದ್ದಿಯಲ್ಲ. 2005ರಲ್ಲಿ ಆಲಮಟ್ಟಿ ಅಣೆಕಟ್ಟು ಪೂರ್ತಿಯಾಗುವ ಹೊತ್ತಿಗೆ, ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳ ಜನ ಹಿನ್ನೀರಿಗೆ ಮನೆ ಬಿಟ್ಟು ನವನಗರ ಸೇರಿದ್ದರು. ಇಂಥ ದುಂಡು ಪರದೆ ನಮ್ಮ ಕಡೆ ಬಂದರೆ ಬಾದಾಮಿಯ ಗುಹೆಗಳನ್ನು ಅವಶ್ಯವಾಗಿ ತೋರಿಸಲಿ. ಆದರೆ ನೀರಿಗೆ ಬಿಟ್ಟುಕೊಟ್ಟ ಆ ಓಣಿಗಳನ್ನೂ ಕಟ್ಟಿ ತೋರಿಸಲಿ. ಕಟ್ಟೆ ತಿರುಗಿಸುವ ಕೆಲಸವನ್ನು ಅಲ್ಲಿ ಬಾಳುವೆ ಮಾಡಿದ ಅಜ್ಜಿಯೊಬ್ಬಳಿಗೆ ಕೊಡಲಿ. ಅವಳು ಮೊದಲು ತಿರುಗಿಸುವುದು ಗುಡಿಯ ಕಡೆಗೋ, ಅಡುಗೆಮನೆಯ ಕಡೆಗೋ, ನೋಡೋಣ.