ದಾಬೋಲಿಮ್ ಪ್ರೆಟ್ಜೆಲ್: ಒಂಬತ್ತು ಸಾಲು, ಸಟೀಕ

ಪ್ರೆಟ್ಜೆಲ್ ದಕ್ಷಿಣ ಜರ್ಮನಿಯ ತಿನಿಸು. ಹೊರಗೆ ಕಂದು ಹೊಳಪು, ಒಳಗೆ ಬಿಳಿ ಮೆತ್ತನೆ, ಮೈಮೇಲೆ ಉಪ್ಪಿನ ಹರಳು. ಪ್ಯಾಕೆಟ್ಟಿನಲ್ಲಿ ಸಿಗುವ ಕುರುಕಲು ಜಾತಿ ಬೇರೆ. ಇಲ್ಲಿ ಹೇಳುತ್ತಿರುವುದು ಬಿಸಿಬಿಸಿ ತಿನ್ನುವ ಮೆತ್ತನೆಯದನ್ನು. ಕೆಳಗಿನ ಒಂಬತ್ತು ಸಾಲುಗಳನ್ನು ಗೋವಾದ ದಾಬೋಲಿಮ್‌ನ ಒಂದು ಫ್ಲ್ಯಾಟಿನ ಅಡುಗೆಮನೆಗೆಂದು ಬರೆದಿದ್ದೇನೆ. ಒಂದು ಓಟಿಜಿ, ಗ್ರಾಂ ತೋರಿಸುವ ಒಂದು ತಕ್ಕಡಿ, ಅಗಲ ಬಾಯಿಯ ಒಂದು ಸ್ಟೀಲ್ ಪಾತ್ರೆ ಇದ್ದರೆ ಸಾಕು. ಮೂಲವೂ ನನ್ನದೇ, ವ್ಯಾಖ್ಯಾನವೂ ನನ್ನದೇ ಆದ್ದರಿಂದ ಮೂಲಕಾರನ ಇಂಗಿತವೇನಿತ್ತೋ ಎಂದು ತಡಕಾಡುವ ಕಷ್ಟ ಇಲ್ಲ. ಎಲ್ಲರ ಕಣ್ಣೂ ಪ್ರೆಟ್ಜೆಲ್ಲಿನ ಗಂಟಿನ ಮೇಲೆ ಬೀಳುತ್ತದೆ. ಆದರೆ ಹಿಟ್ಟು ಪ್ರೆಟ್ಜೆಲ್ ಆಗುವುದು ಆರನೆಯ ಸಾಲಿನಲ್ಲಿ. ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಮಿಕ್ಕ ಕೆಲವು ಸಾಲುಗಳನ್ನು ಬೇಗ ದಾಟುತ್ತೇನೆ.

1. ಮೈದಾ 300 ಗ್ರಾಂ, ನೀರು 165 ಮಿ.ಲೀ., ಬೆಣ್ಣೆ 20 ಗ್ರಾಂ; ಇನ್‌ಸ್ಟಂಟ್ ಯೀಸ್ಟ್, ಸಕ್ಕರೆ, ಉಪ್ಪು ಒಂದೊಂದು ಟೀ ಚಮಚ.

ನೀರು ಕಡಿಮೆಯಾಯಿತು ಎಂದು ಮೊದಲ ಸಲ ಕಲೆಸುವವರಿಗೆಲ್ಲ ಅನ್ನಿಸುತ್ತದೆ. ಅನ್ನಿಸಲಿ. ಹಿಟ್ಟು ಪೂರಿಯದಕ್ಕಿಂತ ತುಸು ಮೆತ್ತಗೆ, ಚಪಾತಿಯದಕ್ಕಿಂತ ಗಟ್ಟಿಯಾಗಿರಬೇಕು. ಮುಂದೆ ಅದನ್ನು ಹೊಸೆಯಬೇಕು, ಬಿಸಿನೀರಿನಲ್ಲಿ ಅದ್ದಬೇಕು. ಪಾವಿನ ಹಿಟ್ಟಿನಷ್ಟು ಸಡಿಲವಿದ್ದರೆ ನೀರಿನಿಂದ ಎತ್ತುವಾಗಲೇ ಜೋತುಬೀಳುತ್ತದೆ. ಮಳೆಗಾಲದಲ್ಲಿ ಇದರಲ್ಲೂ ಒಂದು ಚಮಚ ನೀರು ಹಿಡಿದಿಟ್ಟುಕೊಳ್ಳಿ. ದಾಬೋಲಿಮ್ ಇರುವ ಮುರಗಾಂವ್ ಪರ್ಯಾಯದ್ವೀಪದ ಉತ್ತರಕ್ಕೆ ಜುವಾರಿ ನದಿ, ಪಶ್ಚಿಮಕ್ಕೂ ದಕ್ಷಿಣಕ್ಕೂ ಅರಬ್ಬಿ ಸಮುದ್ರ. ಇಂಥ ಊರಿನಲ್ಲಿ ಜುಲೈ ತಿಂಗಳ ಮೈದಾ ಡಬ್ಬಿಯಲ್ಲಿದ್ದುಕೊಂಡೇ ಒಂದಿಷ್ಟು ನೀರು ಕುಡಿದಿರುತ್ತದೆ.

ಅರ್ಧ ಗೋಧಿಹಿಟ್ಟು ಹಾಕಬಹುದೆ? ಕಾಲುಭಾಗಕ್ಕೆ ನಿಲ್ಲಿಸಿ. ಹೊಟ್ಟು ಹೆಚ್ಚಾದಷ್ಟೂ ಅಂಟಿನ ಎಳೆ ತುಂಡಾಗಿ ಹಿಟ್ಟು ಹಿಗ್ಗುವುದು ಕಡಿಮೆಯಾಗುತ್ತದೆ. ಗೋವಾದ ಪೊಯಿಗೆ ಹೊಟ್ಟೇ ರುಚಿ, ಆದರೆ ಅದು ಉಬ್ಬಿ ಟೊಳ್ಳಾಗುವ ಚಪ್ಪಟೆ ರೊಟ್ಟಿ; ಅದನ್ನು ಯಾರೂ ಹಗ್ಗ ಮಾಡಿ ತಿರುಚುವುದಿಲ್ಲ. ಯೀಸ್ಟ್ ಬದಲು ಕಳ್ಳು? ಇಲ್ಲಿನ ಪೊದೇರರು, ಅಂದರೆ ಪಾವು ಸುಡುವವರು, ಹಿಂದೆ ತೆಂಗಿನ ಕಳ್ಳು ಹಾಕಿಯೇ ಹಿಟ್ಟು ಹುದುಗಿಸುತ್ತಿದ್ದರು. ಮರ ಹತ್ತುವವರು ಕಡಿಮೆಯಾದ ಮೇಲೆ ಹೆಚ್ಚಿನವರು ಯೀಸ್ಟಿಗೆ ಬಂದಿದ್ದಾರೆ. ಕಳ್ಳಿನ ಕಸುವು ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಕೈ ಪಳಗಿದ ಮೇಲೆ ಬೇಕಾದರೆ ಅದನ್ನೂ ನೋಡಬಹುದು.

2. ಹತ್ತು ನಿಮಿಷ ನಾದಿ, ಮುಚ್ಚಿಡಿ. ಒಂದೂವರೆ ಪಟ್ಟು ಆದರೆ ಸಾಕು.

ಚಳಿದೇಶದವರು ಬರೆದ ಪಾಕವಿಧಾನಗಳಲ್ಲಿ ಇಲ್ಲಿ ‘ಬೆಚ್ಚಗಿನ ಜಾಗದಲ್ಲಿ ಒಂದು ಗಂಟೆ’ ಎಂದಿರುತ್ತದೆ. ದಾಬೋಲಿಮ್‌ನಲ್ಲಿ ಬೆಚ್ಚಗಿಲ್ಲದ ಜಾಗವನ್ನೇ ಹುಡುಕಬೇಕು. ಏಪ್ರಿಲ್-ಮೇನಲ್ಲಿ ಮುಕ್ಕಾಲು ಗಂಟೆಯೊಳಗೇ ಹಿಟ್ಟು ಏಳುತ್ತದೆ. ಗಡಿಯಾರ ಬಿಡಿ, ಬೆರಳಿನಿಂದ ಒತ್ತಿ ನೋಡಿ: ಗುಳಿ ನಿಧಾನಕ್ಕೆ ಅರ್ಧ ತುಂಬಿಕೊಂಡರೆ ಸರಿ, ತುಂಬದೆ ಹಾಗೇ ಉಳಿದರೆ ಹೊತ್ತು ಮೀರಿದೆ. ಪಾವಿಗೆ ಎರಡು ಪಟ್ಟು ಏಳಿಸುವುದು ವಾಡಿಕೆ. ಇಲ್ಲಿ ಒಂದೂವರೆ ಎಂದದ್ದು ಬೇಕೆಂದೇ. ಗಾಳಿ ಹೆಚ್ಚು ತುಂಬಿದ ಹಿಟ್ಟು ಬಿಸಿನೀರಿನಲ್ಲಿ ಉಬ್ಬಿ, ಹೊರಗೆ ಬಂದೊಡನೆ ಸುಕ್ಕುಗಟ್ಟುತ್ತದೆ.

3. ಆರು ಭಾಗ ಮಾಡಿ, ಒಂದೊಂದನ್ನೂ ಒಂದೂವರೆ ಅಡಿಯ ಹಗ್ಗವಾಗಿ ಹೊಸೆಯಿರಿ.

ಒಂದೊಂದು ಉಂಡೆ ಸುಮಾರು 80 ಗ್ರಾಂ ಬರುತ್ತದೆ. ಕೋಡುಬಳೆ ಮಾಡಿದ ಕೈಗೆ ಇದು ಹೊಸದಲ್ಲ, ಆದರೂ ಒಂದು ಎಚ್ಚರ ಬೇಕು. ಕೋಡುಬಳೆಯ ಅಕ್ಕಿಹಿಟ್ಟಿನಲ್ಲಿ ಅಂಟಿಲ್ಲ, ಜೋರು ಮಾಡಿದರೆ ಮುರಿಯುತ್ತದೆ. ಮೈದಾ ಮುರಿಯುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಜಗ್ಗತೊಡಗಿದರೆ ಅದರೊಡನೆ ಗುದ್ದಾಡದೆ ಐದು ನಿಮಿಷ ಬಿಟ್ಟು, ಮುಂದಿನ ಉಂಡೆಗೆ ಹೋಗಿ, ಮತ್ತೆ ಬನ್ನಿ. ಮಣೆಗೆ ಒಣಹಿಟ್ಟು ಉದುರಿಸಬೇಡಿ. ಹಗ್ಗ ಉರುಳದೆ ಜಾರುತ್ತದೆ. ಅಂಗೈಗೆ ಒಂದು ಹನಿ ನೀರು ಸವರಿಕೊಂಡರೆ ಹಿಡಿತ ಸಿಗುತ್ತದೆ. ನಡುವೆ ದಪ್ಪ, ತುದಿಗೆ ಹೋದಂತೆ ಸಣ್ಣ.

4. ಗಂಟು ಹಾಕಿ, ಇಲ್ಲವೆ ತುಂಡು ಮಾಡಿ.

ಹಗ್ಗವನ್ನು ಬಾಯಿ ಮೇಲಾದ ಲಾಳದಂತೆ ಇಟ್ಟು, ಎರಡು ತುದಿಗಳನ್ನು ಎರಡು ಸುತ್ತು ತಿರುಚಿ, ಕೆಳಕ್ಕೆ ಮಡಚಿ ದಪ್ಪಭಾಗದ ಮೇಲೆ ಒತ್ತಿದರೆ ಗಂಟು ಮುಗಿಯಿತು. ಮಕ್ಕಳ ಸಂಜೆ ತಿಂಡಿಗಾದರೆ ಈ ಕಸರತ್ತೂ ಬೇಡ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿಬಿಡಿ. ರುಚಿ ಒಂದೇ. ಆಕಾರದಿಂದಲೇ ಪ್ರೆಟ್ಜೆಲ್ ಆಗುವುದಾದರೆ ಗೋವಾಕ್ಕೆ ಜರ್ಮನಿ ಬೇಕಿರಲಿಲ್ಲ. ಸೈಕಲ್ಲಿನ ಹಾರ್ನ್ ಒತ್ತುತ್ತ ಬೆಳಿಗ್ಗೆ ಸಂಜೆ ಬರುವ ಪೊದೇರನ ಬುಟ್ಟಿಯಲ್ಲಿ ಪಾವು, ಪೊಯಿ, ಉಂಡೊಗಳ ಜೊತೆ ಬಳೆಯಾಕಾರದ ಕಾಂಕಣ್ ಇರುತ್ತದೆ. ಚಹಾದಲ್ಲಿ ಅದ್ದಿ ತಿನ್ನುವ ಗಟ್ಟಿ ರೊಟ್ಟಿ ಅದು. ಅದನ್ನು ಇನ್ನೆರಡು ಸುತ್ತು ತಿರುಚಿದರೂ ಕಾಂಕಣ್ ಆಗಿಯೇ ಇರುತ್ತದೆ, ಏಕೆಂದರೆ ಅದಕ್ಕೆ ಆರನೆಯ ಸಾಲಿನ ಕ್ಷಾರದ ಸ್ನಾನ ಇಲ್ಲ.

5. ಮುಚ್ಚದೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಹಿಟ್ಟಿನ ಮೈ ಒಣಗಿ ತೆಳುವಾದ ಚರ್ಮ ಕಟ್ಟಬೇಕು; ಆಗ ಕ್ಷಾರ ಎಲ್ಲ ಕಡೆಗೂ ಸಮನಾಗಿ ಹತ್ತುತ್ತದೆ, ಎತ್ತುವಾಗ ಆಕಾರವೂ ಕೆಡುವುದಿಲ್ಲ. ಒಣಹವೆಯ ಊರಿನಲ್ಲಿ ಮೇಜಿನ ಮೇಲಿಟ್ಟರೂ ನಡೆದೀತು. ಇಲ್ಲಿ ಆಗಸ್ಟಿನಲ್ಲಿ ಮೇಜಿನ ಮೇಲಿಟ್ಟ ಹಿಟ್ಟು ಒಣಗುವುದಿರಲಿ, ಇನ್ನಷ್ಟು ಅಂಟಂಟಾಗುತ್ತದೆ. ದಾಬೋಲಿಮ್ ಮನೆಯಲ್ಲಿ ನಂಬಬಹುದಾದ ಒಣಗಾಳಿ ಫ್ರಿಜ್ಜಿನೊಳಗಿನದೊಂದೇ.

6. ಒಂದು ಲೀಟರ್ ಕುದಿನೀರಿಗೆ 40 ಗ್ರಾಂ ಸುಟ್ಟ ಸೋಡಾ. ಒಂದೊಂದನ್ನೂ ಅರ್ಧ ನಿಮಿಷ ಅದ್ದಿ ತೆಗೆಯಿರಿ.

ಜರ್ಮನಿಯ ಬೇಕರಿಗಳಲ್ಲಿ ಪ್ರೆಟ್ಜೆಲ್ಲನ್ನು ಅದ್ದುವುದು ಶೇಕಡಾ 3ರಿಂದ 4ರಷ್ಟಿರುವ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ, ಅಂದರೆ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ. ಓವನ್ನಿನ ಕಾವಿಗೆ ಅದು ಹಿಟ್ಟಿನೊಡನೆಯೂ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆಯೂ ಬೆರೆತು ತಿನ್ನಲು ಅಪಾಯವಿಲ್ಲದ್ದಾಗುತ್ತದೆ. ಆದರೆ ಬೇಯುವ ಮುಂಚಿನ ಆ ನೀರು ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಕೈಗವಸು, ಕನ್ನಡಕ ಹಾಕಿಕೊಂಡು ಕೆಲಸ ಮಾಡುವವರ ಸಾಮಾನು ಅದು, ಮಕ್ಕಳು ಓಡಾಡುವ ಅಡುಗೆಮನೆಗೆ ತರಬೇಡಿ.

ಕ್ಷಾರ ಮಾಡುವುದೇನು? ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಯೂ ಕಾವಿನಲ್ಲಿ ಕೂಡಿ ಕಂದುಬಣ್ಣ, ಹುರಿದ ಪರಿಮಳ ಹುಟ್ಟುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಹೆಸರಿನಿಂದಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಕ್ಷಾರವಿದ್ದರೆ ಇದು ಬಹಳ ಚುರುಕಾಗುತ್ತದೆ. ಬಜ್ಜಿ ಹಿಟ್ಟಿಗೆ ಸೋಡಾ ಒಂದು ಚಿಟಿಕೆ ಹೆಚ್ಚಾದರೆ ಬೇಗ ಕೆಂಪಾಗುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಜೊತೆಗೆ ಬಿಸಿನೀರಿಗೆ ಹೊರಮೈಯ ಪಿಷ್ಟ ಬೆಂದು ಗಂಜಿಯಾಗುತ್ತದೆ. ಹೊಳಪು ಅಲ್ಲಿಂದ ಬರುತ್ತದೆ.

ಮನೆಮಂದಿ ಸಾಮಾನ್ಯವಾಗಿ ಅಡುಗೆ ಸೋಡಾ ಹಾಕಿದ ನೀರಿನಲ್ಲೇ ಮುಗಿಸುತ್ತಾರೆ. ಅದರಿಂದ ಬಣ್ಣ ಬರುತ್ತದೆ, ಆ ವಿಶಿಷ್ಟ ಒಗರು-ಕಹಿ ಮಾತ್ರ ಪೂರ್ತಿ ಬರುವುದಿಲ್ಲ. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಬಲು ಸಾಧು ಕ್ಷಾರ: ಅದರ ದ್ರಾವಣದ ಪಿಎಚ್ 8ರ ಆಸುಪಾಸು. ಕಾಸ್ಟಿಕ್ ಸೋಡಾದ್ದು 14ರ ಹತ್ತಿರ. ಇವೆರಡರ ನಡುವಿನ ದಾರಿಯೇ ‘ಸುಟ್ಟ ಸೋಡಾ’. 2010ರಲ್ಲಿ ಅಮೆರಿಕದ ಅಡುಗೆ ವಿಜ್ಞಾನ ಲೇಖಕ ಹೆರಾಲ್ಡ್ ಮೆಗೀ ಪತ್ರಿಕೆಯಲ್ಲಿ ಬರೆದ ಮೇಲೆ ಇದು ಮನೆ ಅಡುಗೆಯವರಲ್ಲಿ ಹರಡಿತು. ಅಡುಗೆ ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರವಿ, ಓಟಿಜಿಯಲ್ಲಿ 120 ಡಿಗ್ರಿಗೆ ಒಂದು ಗಂಟೆ ಇಟ್ಟರೆ ನೀರೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಅದರ ಪಿಎಚ್ 11 ದಾಟುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗದು, ಮೊದಲೂ ಬಿಳಿ, ಆಮೇಲೂ ಬಿಳಿ. ತಕ್ಕಡಿಯನ್ನು ಕೇಳಿ: ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಇಳಿಯಬೇಕು. 64 ಗ್ರಾಂ ಇಟ್ಟದ್ದು 40ಕ್ಕೆ ಬಂದರೆ ನಮ್ಮ ಲೆಕ್ಕ ಸರಿಹೋಯಿತು. ಇಳಿಯದಿದ್ದರೆ ಇನ್ನಷ್ಟು ಹೊತ್ತು ಇಡಿ. ಈ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಉರಿ. ಉಳಿದರೆ ಬಿಗಿ ಮುಚ್ಚಳದ ಗಾಜಿನ ಶೀಶೆಯಲ್ಲಿ, ಚೀಟಿ ಅಂಟಿಸಿ ಇಡಿ.

ಇಲ್ಲಿ ಮೂರು ಆಕ್ಷೇಪಗಳು ಬರಬಹುದು. ಸೋಡಿಯಂ ಕಾರ್ಬೊನೇಟ್ ಎಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾವೇ ತಾನೆ, ಅದನ್ನೇ ತಂದರಾಗದೆ? ಆಗದು, ಅದು ತಿನ್ನಲೆಂದು ಶುದ್ಧ ಮಾಡಿದ ಮಾಲಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಪ್ಪಳಕ್ಕೆ ಹಾಕುವ ಪಾಪಡಖಾರವೂ ಕ್ಷಾರವೇ ಅಲ್ಲವೆ? ಹೌದು, ತಿನ್ನುವುದೂ ಹೌದು. ಆದರೆ ಅದರಲ್ಲಿ ಯಾವುದು ಎಷ್ಟು ಬೆರೆತಿದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, 40 ಗ್ರಾಂ ಎಂಬ ಲೆಕ್ಕ ಅದಕ್ಕೆ ನಿಲ್ಲುವುದಿಲ್ಲ. ಬೇಕಿಂಗ್ ಪೌಡರ್? ಅದರಲ್ಲಿ ಹುಳಿಯೂ ಬೆರೆತಿರುತ್ತದೆ, ಕೆಲಸಕ್ಕೆ ಬಾರದು.

ಪಾತ್ರೆ ಸ್ಟೀಲಿನದೇ ಆಗಬೇಕು. ತಿನಿಸು ಜರ್ಮನಿಯದಾದರೂ ನಮ್ಮ ಜರ್ಮನ್ ಪಾತ್ರೆ, ಅಂದರೆ ಅಲ್ಯೂಮಿನಿಯಂ, ಈ ನೀರಿಗೆ ತಾಗಬಾರದು. ಕ್ಷಾರ ಅದನ್ನು ತಿಂದು ಕಪ್ಪಾಗಿಸುತ್ತದೆ. ಓಟಿಜಿಯ ಜೊತೆ ಬಂದ ಟ್ರೇ ಅಲ್ಯೂಮಿನಿಯಮ್ಮಿನದಾದರೆ ಬೇಕಿಂಗ್ ಪೇಪರ್ ಹಾಸಿ, ಅದಕ್ಕೂ ಎಣ್ಣೆ ಸವರಿ. ಅದ್ದಿದ್ದನ್ನು ಜಾಲರಿ ಸೌಟಿನಲ್ಲಿ ಎತ್ತಿ, ನೀರು ಚೆನ್ನಾಗಿ ಬಸಿದು, ಆಮೇಲೆ ಟ್ರೇಗೆ ಇಳಿಸಿ.

7. ಹೊಟ್ಟೆ ಸೀಳಿ, ಹರಳುಪ್ಪು ಉದುರಿಸಿ.

ದಪ್ಪಭಾಗಕ್ಕೆ ಬ್ಲೇಡಿನಿಂದ ಒಂದು ಗೀರು ಕೊಟ್ಟರೆ ಅಲ್ಲೇ ಬಿರಿದು ಬಿಳಿ ಹೊಟ್ಟೆ ಕಾಣುತ್ತದೆ. ಜರ್ಮನಿಯ ಸ್ವಾಬಿಯಾ ಸೀಮೆಯ ರೀತಿ ಇದು. ಬವೇರಿಯಾದವರು ಅದು ತಾನಾಗಿ ಬಿರಿಯಲಿ ಎಂದು ಬಿಡುತ್ತಾರೆ. ಉಪ್ಪು ಟೇಬಲ್ ಸಾಲ್ಟ್ ಆಗಬಾರದು, ಕರಗಿ ಮಾಯವಾಗುತ್ತದೆ. ಉತ್ತರ ಕನ್ನಡದ ಸಾಣಿಕಟ್ಟೆಯದೋ ಗೋವಾದ ಆಗರದ್ದೋ ದಪ್ಪ ಹರಳುಪ್ಪನ್ನು ಕುಟ್ಟಾಣಿಯಲ್ಲಿ ಒಂದೆರಡು ಏಟು ಹಾಕಿ, ಜರಡಿ ಹಿಡಿದು, ಪುಡಿ ಬಿಟ್ಟು ಹರಳನ್ನಷ್ಟೇ ಬಳಸಿ.

8. ಕಾದ ಓಟಿಜಿಯಲ್ಲಿ 230 ಡಿಗ್ರಿಗೆ 12ರಿಂದ 14 ನಿಮಿಷ.

ಮೇಲಿನ ಕಂಬಿ, ಕೆಳಗಿನ ಕಂಬಿ ಎರಡೂ ಉರಿಯಲಿ, ಕಾಯಲು ಕಾಲು ಗಂಟೆ ಕೊಡಿ. ಅರ್ಧದಲ್ಲಿ ಟ್ರೇ ತಿರುಗಿಸಿ. ಬಿಸ್ಕತ್ತಿನ ಬಣ್ಣಕ್ಕೆ ಬಂದಾಗ ಹೆದರಿ ತೆಗೆಯಬೇಡಿ, ಹಳೆ ಹುಣಸೆಯ ಬಣ್ಣದತ್ತ ಹೋಗಲಿ. ತುಂಡುಗಳಾದರೆ ಹತ್ತು ನಿಮಿಷಕ್ಕೆ ನೋಡಿ.

9. ಬೆಣ್ಣೆ ಸವರಿ, ಬಿಸಿಯಿರುವಾಗಲೇ ತಿನ್ನಿ.

‘ಬಿಸಿಯಿರುವಾಗಲೇ’ ಎಂಬುದು ಈ ಊರಿನಲ್ಲಿ ಉಪಚಾರದ ಮಾತಲ್ಲ. ಉಪ್ಪು ಹವೆಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಸಂಜೆ ಕೆಲವೇ ಗಂಟೆಗಳಲ್ಲಿ ಹರಳು ಬೆವರಿ, ತೊಗಟೆ ಸುಕ್ಕಾಗಿ, ಮೇಲೆ ಬಿಳಿ ಕಲೆ ಉಳಿಯುತ್ತದೆ. ಅಮೆರಿಕದವರು ಜೊತೆಗೆ ಸಾಸಿವೆ ಸಾಸ್ ಇಡುತ್ತಾರೆ. ಪಕ್ಕದ ವಾಸ್ಕೋ, ಜುವಾರಿನಗರಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದವರ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಮೊದಲೇ ಇದೆ: ಶೇಂಗಾ ಚಟ್ನಿಪುಡಿ. ಕರಗಿದ ಬೆಣ್ಣೆಯಲ್ಲಿ ತುಂಡುಗಳನ್ನು ಹೊರಳಿಸಿ ಅದರ ಮೇಲೆ ಉದುರಿಸಿದರೆ ಉಪ್ಪಿನ ಹರಳೂ ಬೇಕಾಗುವುದಿಲ್ಲ. ಗುರೆಳ್ಳು ಚಟ್ನಿಪುಡಿಯಾದರೆ ಅದರ ಕಹಿ ತೊಗಟೆಯ ಕಹಿಯೊಡನೆ ಸೇರಿ ತುಸು ಹೆಚ್ಚಾದೀತು, ನನ್ನ ಓಟು ಶೇಂಗಾಕ್ಕೆ.

ಮರುದಿನಕ್ಕೆ ಬೇಕೆಂದು ಮಾಡುವುದಾದರೆ ಅಂಥವಕ್ಕೆ ಏಳನೆಯ ಸಾಲಿನ ಉಪ್ಪು ಹಾಕಲೇಬೇಡಿ. ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿಗೆ ಸೇರಿಸಿ. ತಿನ್ನುವ ಹೊತ್ತಿಗೆ ನೀರು ಚಿಮುಕಿಸಿ, ಆಗ ಉಪ್ಪು ಉದುರಿಸಿ, 180 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿಮಾಡಿ. ಮೈಕ್ರೋವೇವ್ ಬೇಡ, ತೊಗಟೆ ಚರ್ಮದ ಹಾಗಾಗುತ್ತದೆ.